ಮೇಲಿನ ಸಾಲಿನ ಚಾಕು

ಮೊನ್ನೆ ಪೆಟ್ಟಿಗೆ ತೆರೆದಾಗ ಕೊಬ್ಬರಿ ಎಣ್ಣೆ, ಲವಂಗ, ಹಳೆಯ ಕಬ್ಬಿಣ ಮೂರೂ ಸೇರಿದ ವಾಸನೆ ಬಂತು... ಅದರ ಹಿಂದೆಯೇ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಬೆವರುತ್ತಾ ಬಂದ ಆ ರೈಲು ಪ್ರಯಾಣವೂ.

ಅವತ್ತು ಏನೇನೆಲ್ಲ ಆಗಬಹುದಿತ್ತು! ಬ್ಯಾಂಕ್ ಅಧಿಕಾರಿಯ ಚೀಲದಲ್ಲಿ ಗೇಣುದ್ದದ ಮಡಿಸುವ ಚಾಕು ಯಾಕೆಂದು ರೈಲ್ವೆ ಪೊಲೀಸರು ಕೇಳಬಹುದಿತ್ತು. ನನ್ನ ತೆಲುಗು ಬದನೆಕಾಯಿ ಕೊಳ್ಳಲು ಸಾಕು, ನಿರಪರಾಧಿ ಎನಿಸಿಕೊಳ್ಳಲು ಸಾಲದು. ಸ್ಪ್ರಿಂಗ್ ಸಡಿಲವಾಗಿ ಅದು ತಾನೇ ಬಿಚ್ಚಿಕೊಂಡು ಪಕ್ಕದವರ ತೊಡೆಗೆ ಚುಚ್ಚಬಹುದಿತ್ತು. ತುಕ್ಕು ತಗುಲಿ ನನಗೆ ಧನುರ್ವಾಯು ಬರಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ, ನಾನು ಆರಿಸಿ ತಂದದ್ದೇ ನಕಲಿಯಾಗಿರಬಹುದಿತ್ತು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ವರ್ಗವಾಗಿ ಬಂದು ವಿಜಯವಾಡದ ಭವಾನಿಪುರಂನಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆ ಓನರ್ ಬಳ್ಳಾರಿ ಕಡೆಯವರು, ವಿಶಾಖಪಟ್ಟಣದ ಬಂದರಿನಲ್ಲಿ ದುಡಿದು ನಿವೃತ್ತರಾದವರು. ಅವರ ಮಾತು ಕನ್ನಡದಲ್ಲಿ ಹೊರಟು ತೆಲುಗಿನ 'ಅಂಡಿ'ಯಲ್ಲಿ ಬಂದು ನಿಲ್ಲುತ್ತಿತ್ತು. ಹಳೆಯ ದೊಡ್ಡ ಮಡಿಸುವ ಚಾಕುಗಳೆಂದರೆ ಅವರಿಗೆ ಪ್ರಾಣ. ಹಿಡಿಯ ಕೊಂಬು ಎಷ್ಟು ಕುಗ್ಗಿದೆ, ಅಲಗಿನ ಬುಡದ ಮುದ್ರೆ ಎಷ್ಟು ಸವೆದಿದೆ ಎಂದು ನೋಡಿ, ಕಿವಿಯ ಹತ್ತಿರ ಮಡಿಸಿ 'ಟಕ್' ಶಬ್ದ ಕೇಳಿ, ವಯಸ್ಸು ಹೇಳುತ್ತಿದ್ದರು. ಇಸವಿಯಲ್ಲಲ್ಲ, ನೆಂಟರ ಲೆಕ್ಕದಲ್ಲಿ. ಇದು ನಮ್ಮ ಅತ್ತೆಗಿಂತ ಹಿರಿದು, ಸೋದರಮಾವನಿಗಿಂತ ಕಿರಿದು, ಹೀಗೆ. "ಮೊಮ್ಮಗಳು ಎಷ್ಟನೇ ಕ್ಲಾಸು ಅಂತ ಕೇಳ್ರಿ, ಗೊತ್ತಿರಂಗಿಲ್ಲ," ಎಂದು ಅವರ ಹೆಂಡತಿ ಒಳಗಿನಿಂದಲೇ ಕುಟುಕುತ್ತಿದ್ದರು.

ಅವರ ಚಾಕುಗಳ ಪೆಟ್ಟಿಗೆಯಲ್ಲಿ ಎರಡು ಸಾಲು. ಓನರಿಗಿಂತ ಹಿರಿಯ ಚಾಕುಗಳು ಮೇಲೆ, ಕಿರಿಯವು ಕೆಳಗೆ. ಆಯುಧಪೂಜೆಯಲ್ಲಿ ಕುಂಕುಮ ಮೊದಲು ಮೇಲಿನವರಿಗೆ. ಯಾವ ಚಾಕುವನ್ನೂ ಅವರು ಕೈಗೆ ಕೊಡುತ್ತಿರಲಿಲ್ಲ. ಮೇಜಿನ ಮೇಲಿಡಬೇಕು, ನಾವು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಹೋದರೆ ಜಗಳವಾಗುತ್ತದಂತೆ.

ಮೇಲಿನ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವುದೋ ದೇಶದ ನಾವಿಕನೊಬ್ಬ ಹಗ್ಗ ಕೊಯ್ಯುವ ದೊಡ್ಡ ಚಾಕುವಿನಿಂದ ಮಾವಿನಹಣ್ಣು ಹೆಚ್ಚಿ ಇವರಿಗೊಂದು ಹೋಳು ಕೊಟ್ಟಿದ್ದನಂತೆ. ಅಂಥದ್ದೇ ಚಾಕುವಿಗಾಗಿ ಆ ಜಾಗ ಕಾದಿತ್ತು. ಬಂದರಿನ ಹತ್ತಿರದ ಗುಜರಿ ಅಂಗಡಿಗೆ ಅಂಥದ್ದು ಬಂದಿದೆಯೆಂದು ಸುದ್ದಿ ಸಿಕ್ಕಾಗ ಅವರ ಮಂಡಿ ಪ್ರಯಾಣಕ್ಕೆ ಒಪ್ಪಲಿಲ್ಲ. ನಾನು ಆಫೀಸಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೊರಟಿದ್ದೆ.

"ನನಗಿಂತ ಹಿರೀದಿದ್ರ ಮಾತ್ರ ತರ್ರಿ," ಎಂದರು. "ಕಿರೀದಿದ್ರ ಅಲ್ಲೇ ಬಿಟ್ಟು ಬರ್ರಿ."

ಅಂಗಡಿಯಲ್ಲಿ ಒಂದಲ್ಲ, ಎರಡಿದ್ದವು. ಒಂದು ಒಂದೇ ಸಮ ಕಪ್ಪು, ಮದುವೆ ಮನೆಗೆ ಹೊರಟ ಚಿಕ್ಕಪ್ಪನ ತಲೆಯ ಹಾಗೆ. ಇನ್ನೊಂದರ ಹಿಡಿ ಅಲ್ಲಲ್ಲಿ ಮಸುಕು. ಹೆಬ್ಬೆರಳು ಕೂರುವಲ್ಲಿ ಮಾತ್ರ ನುಣುಪಾಗಿ ತಗ್ಗಾಗಿ ಹೊಳೆಯುತ್ತಿತ್ತು. ನಾನು ಎರಡನ್ನೂ ಕಿವಿಗಿಟ್ಟು ಮತ್ತೆ ಮತ್ತೆ ಮಡಿಸುತ್ತಿದ್ದೆ. ಹೆಣ್ಣು ನೋಡೋಕೆ ಬಂದಿದ್ದೀರಾ ಸಾರ್ ಎಂದು ಅಂಗಡಿಯವನು ತೆಲುಗಿನಲ್ಲಿ ಕೇಳಿದ. ಹೆಬ್ಬೆರಳಿನ ಆ ತಗ್ಗನ್ನೇ ನಂಬಿ ಎರಡನೆಯದನ್ನು ಕೊಂಡೆ.

ಓನರ್ ಗೇಟಿನಲ್ಲೇ ನಿಂತಿದ್ದರು. ಮಡಿಸಿದರು, ಕಿವಿಗಿಟ್ಟರು, ಆ ತಗ್ಗಿನಲ್ಲಿ ತಮ್ಮ ಹೆಬ್ಬೆರಳಿಟ್ಟರು. ಮುಖದಲ್ಲಿ ಆ ಮಾವಿನ ಹೋಳು ಮತ್ತೆ ಸಿಕ್ಕಿದ ಸಂತೋಷ... ಆಮೇಲೆ ನನ್ನ ಖಾಲಿ ಕೈ ನೋಡಿದರು.

"ಕೈಗೇ ಕೊಟ್ಟೀರಲ್ರೀ. ಈಗ ಜಗಳ ಆಡ್ಲೇಬೇಕು. ದೊಡ್ಡದು ಬರೋದ್ರೊಳಗ ಸಣ್ಣದೊಂದು ಆಡಿ ಮುಗಿಸಿಬಿಡೋಣು."

ಬೇರೇನೂ ತೋಚದೆ, ಈ ಚಾಕು ನಿಮಗಿಂತ ಕಿರಿದು ಎಂದುಬಿಟ್ಟೆ. ಅವರಿಗೆ ನಿಜವಾಗಿಯೂ ಸಿಟ್ಟು ಬಂತು. ಕಾಫಿ ಆರಿತು, ಜಗಳ ಆರಲಿಲ್ಲ. ನನಗೆ ವರ್ಗವಾದ ಮೇಲೂ ಪ್ರತಿ ಆಯುಧಪೂಜೆಗೆ ಅವರ ಫೋನು, ಒಪ್ಪಿಕೊಂಡಿರೇನು ಅಂತ. ಇಲ್ಲ ಎನ್ನುತ್ತಿದ್ದೆ. ಖುಷಿಯಿಂದ ಬೈದು ಫೋನಿಡುತ್ತಿದ್ದರು.

ಹೋದ ವರ್ಷದ ಕೊನೆಗೆ, ಓನರ್ ತೀರಿಕೊಂಡ ಮೇಲೆ, ಅವರ ಮಗಳು ಬಂದು ಈ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು, ಕೈಗೆ ಕೊಡಲಿಲ್ಲ. ಒಳಗೆ ನಾನು ತಂದಿದ್ದ ಅದೊಂದೇ ಚಾಕು. ಈ ಸಲದ ಆಯುಧಪೂಜೆಗೆ ಫೋನು ಬರಲಿಲ್ಲ. ಕುಂಕುಮ ನಾನೇ ಇಟ್ಟೆ. ಅದು ಅವರಿಗಿಂತ ಹಿರಿದೆಂದು ಅವರು ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟಾಗಲೇ ನನಗೆ ಗೊತ್ತಾಗಿತ್ತು. ಒಪ್ಪಿಕೊಂಡರೆ ಜಗಳ ಮುಗಿದುಹೋಗುತ್ತದಲ್ಲ... ಇನ್ನೂ ಒಪ್ಪಿಲ್ಲ.

ಆ ಪ್ರಯಾಣದಲ್ಲಿ ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಚಾಕುವನ್ನು ಕೆಳಗಿಡುವುದನ್ನು ಮರೆತೆ, ಅಷ್ಟೇ.