ಮೂಗುದಾರದ ಮಾತು

ಕೋವಿಡ್ ಗಲಾಟೆ ಇಳಿದ ವರ್ಷ ಮಗಳಿಗೆ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಡರ್ಹಮ್‌ನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಅವಳನ್ನು ಅಷ್ಟು ದೂರ ಕಳಿಸಲು ನನ್ನ ಗಂಡನಿಗೆ ಮನಸ್ಸಿರಲಿಲ್ಲ. ಒಂದು ಭಾನುವಾರ ಅಮೆರಿಕದ ಆಲ್ಡಿ ಊರಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಹಿರಿಯರೊಬ್ಬರು ಗಂಡನ ಪಕ್ಷ ವಹಿಸಿ ನಕ್ಕರು: "ಕಳಿಸೋದಾದ್ರೆ ಒಂದು ಮೂಗುದಾರ ಹಾಕಿ ಕಳಿಸಪ್ಪ. ಮದುವೆ ಗೊತ್ತು ಮಾಡಿಬಿಡು."

"ಮೂಗುದಾರ ಅಂದ್ರೆ ವಾಟ್, ಅಜ್ಜಿ?" ಎಂದಳು ಮಗಳು.

ಊರಿಂದ ಬಂದಿದ್ದ ನನ್ನ ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಎತ್ತು ಕಟ್ಟಿ ಬೇಸಾಯ ಮಾಡಿದವಳು ಅವಳು. "ಹೋರಿ ಮೂಗು ಚುಚ್ಚಿ ಹಗ್ಗ ಪೋಣಿಸ್ತಾರೆ ಕಣೆ. ಅವತ್ತೆಲ್ಲ ಅದು ಮೇವು ಮುಟ್ಟಲ್ಲ. ಗಾಯಕ್ಕೆ ನಾನೇ ಅರಿಶಿನ, ಎಣ್ಣೆ ಹಚ್ತಿದ್ದೆ." ಆಮೇಲೆ ಹಿರಿಯರ ಕಡೆ ತಿರುಗಿದಳು. "ನೀವು ಎತ್ತು ಸಾಕಿದೀರಾ ಸ್ವಾಮಿ?"

"ಇಲ್ಲಮ್ಮ, ಸುಮ್ನೆ ತಮಾಷೆಗಂದೆ."

"ನನ್ನ ಮಗಳಿಗೂ ಊರಲ್ಲಿ ಹಿಂಗೇ ಅಂದಿದ್ರು. ಪಿಯುಸಿ ಆಯ್ತಲ್ಲ, ಮೂಗುದಾರ ಹಾಕು ಅಂತ. ಆ ನೋವು ಕಂಡೋಳು ನಾನು, ಹಾಕ್ತೀನಾ? ಡಿಗ್ರಿಗೆ ಕಳಿಸ್ದೆ."

ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಕಷ್ಟಪಟ್ಟು ಓದಿದ್ದೇನೆ, ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಆದರೆ ಎಲ್ಲರೂ ಸಲೀಸಾಗಿ ಆಡುವ ಆ ಮಾತನ್ನು ಅಮ್ಮ ನನಗೆ ಒಮ್ಮೆಯೂ ಆಡಿರಲಿಲ್ಲ ಎನ್ನುವುದು ಹೊಳೆದದ್ದು ಅಂದೇ.

ಅಮ್ಮ ಕಾವಲಿಗೆ ರೊಟ್ಟಿ ಹಾಕಿ ಅಳಿಯನನ್ನು ಕೇಳಿದಳು: "ಹುಡುಗೀನ ಯಾವಾಗ ಬಿಟ್ಟು ಬರ್ತೀರಿ?"

ಗಂಡ ಮಗಳ ಮುಖ ನೋಡಿದರು. "ಆಗಸ್ಟ್‌ನಲ್ಲಿ ಅತ್ತೆ. ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ."