ಜೀಪಿನ ಮುಂದೆ ಕುಳಿತವರು

ರಾಯಚೂರು ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಗಾಳಿ ಇನ್ನೂ ತಣ್ಣಗಿತ್ತು. ಎಪ್ಪತ್ತರ ದಶಕದ ಕೊನೆಯ ಭಾಗ; ವಿಧಾನಸಭೆಯ ಚುನಾವಣೆಗೆ ಕೆಲವೇ ವಾರಗಳಿದ್ದವು. ನನ್ನ ಜೊತೆಗಿದ್ದವಳು ಎಲೆನ್, ಅಮೆರಿಕದ ವಿಶ್ವವಿದ್ಯಾಲಯವೊಂದರ ಸಂಶೋಧಕಿ. ಮತದಾರರು ಯಾರ ಮಾತು ಕೇಳಿ, ಏನು ಓದಿ ಮನಸ್ಸು ಮಾಡುತ್ತಾರೆ ಎಂಬುದು ಅವಳ ಅಧ್ಯಯನ. ತನ್ನ ದೇಶದಲ್ಲಿ ಅದನ್ನು ಮುಗಿಸಿ ನಮ್ಮ ಕಡೆ ಹೇಗೆಂದು ನೋಡಲು ಬಂದಿದ್ದಳು. ನಾನು ಧಾರವಾಡದ ಕಾಲೇಜಿನಲ್ಲಿ ಅಮೆರಿಕದ ರಾಜಕೀಯವನ್ನು ಪುಸ್ತಕ ನೋಡಿ ಕಲಿಸುತ್ತಿದ್ದವಳು. ದುಭಾಷಿಯಾಗಿ ಬರಲು ಕೇಳಿದಾಗ ಕುಣಿಯುತ್ತಲೇ ಒಪ್ಪಿಕೊಂಡಿದ್ದೆ.

ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಮಂಡಾಳಿನ, ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಭಜಿ ತಿಂದು ದೇವದುರ್ಗದ ಬಸ್ಸು ಹತ್ತಿದೆವು. ಎಲೆನ್ ಮೊದಲ ಮಿರ್ಚಿಗೆ ಕಣ್ಣೀರು ಹಾಕಿ ಎರಡನೆಯದನ್ನು ತಾನೇ ಕೇಳಿ ತಿಂದಳು. ದಾರಿಯುದ್ದಕ್ಕೂ ಎರೆ ಹೊಲಗಳಲ್ಲಿ ಜೋಳ ತೆನೆ ಬಿಟ್ಟು ಕೊಯ್ಲಿಗೆ ನಿಂತಿತ್ತು. ಬಸ್ಸಿನಲ್ಲಿ ಅವಳು ತನ್ನ ದೇಶದ ಸಂಗತಿ ಹೇಳಿದಳು. ಅಲ್ಲಿ ರೈತರಿಗೊಂದು ಕೂಟ, ಕಾರ್ಮಿಕರಿಗೊಂದು, ಎಣ್ಣೆ ಕಂಪನಿಗಳಿಗೊಂದು. ತಮ್ಮ ಪ್ರತಿನಿಧಿಯ ಬಾಗಿಲು ಬಡಿಯುತ್ತಲೇ ಇರುವುದು ಅವರ ಕೆಲಸ. ಪತ್ರಿಕೆ, ಟೀವಿಗಳ ಕಣ್ಣಿಗೆ ಬಿದ್ದವರ ಕೆಲಸ ಬೇಗ ಆಗುತ್ತದೆ. ನಮ್ಮ ಪುಸ್ತಕಗಳಲ್ಲಿ ಇಂಥ ಕೂಟಗಳಿಗೆ ಒತ್ತಡ ಗುಂಪು ಎಂಬ ಹೆಸರಿದೆ. ನಾನದನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೆ, ಕಣ್ಣಿಂದ ಕಂಡಿರಲಿಲ್ಲ.

ದೇವದುರ್ಗದ ಚಹಾದಂಗಡಿಯಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ನಡುನಡುವೆ ಜಗಳ ತೆಗೆಯುತ್ತಿದ್ದರು. ಯಾರು ಗೆಲ್ಲಬಹುದು ಎಂದು ಎಲೆನ್ ಕೇಳಿದರೆ, ನಿಮಗೆ ಯಾರು ಗೆದ್ದರೆ ಚಲೋ ಅನಿಸುತ್ತದೆ ಎಂದು ಅವರೇ ತಿರುಗಿ ಕೇಳಿದರು. ಮನಸ್ಸಿನಲ್ಲಿದ್ದುದನ್ನು ಒಬ್ಬರೂ ಬಿಟ್ಟುಕೊಡಲಿಲ್ಲ. ಅವಳು ಲಾಡ್ಜಿಗೆ ಬಂದು ಬಹಳ ಹೊತ್ತು ನಕ್ಕಳು.

ಮರುದಿನ ಮಾನ್ವಿಗೆ ಬಂದು, ಅಲ್ಲಿಂದ ಕುರ್ಡಿಯ ಆಚೆಗಿನ ಒಂದು ಸಣ್ಣ ಊರಿಗೆ ಹೋದೆವು. ಊರಿನ ಹೆಸರು ಬೇಡ. ಬಸ್ಸು ಮೊದಲು ಕೂಲಿಯವರ ಕೇರಿಯ ಮುಂದೆ ಹಾಯುತ್ತಿತ್ತು, ಆದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮೈಲಿ ಆಚೆ, ಹೊಲಗಳ ಒಡೆಯರಾದ ಗೌಡರ ದೊಡ್ಡ ಮನೆ, ವಾಡೆಯ ಮುಂದೆಯೇ ನಿಲ್ಲುತ್ತಿತ್ತು. ಅಲ್ಲಿಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಕೇರಿ ಸೇರಿದೆವು.

ನಮ್ಮನ್ನು ಕೂರಿಸಿ ನೀರು ಕೊಟ್ಟವಳು ಹುಲಗಮ್ಮ, ಮೂವತ್ತರ ಆಸುಪಾಸಿನ ಹೊಲದ ಕೂಲಿ ಹೆಂಗಸು. ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ ಬಡಿಸುತ್ತ ತನ್ನ ತಂಗಿಯ ವಿಷಯ ಹೇಳಿದಳು. ಹಿಂದಿನ ಮಳೆಗಾಲದಲ್ಲಿ ಹೆರಿಗೆ ಕಷ್ಟವಾಗಿ, ವಾಡೆಯ ಆಚೆಯ ಊರಿನ ಆಸ್ಪತ್ರೆಗೆಂದು ತಂಗಿಯನ್ನು ಹಗ್ಗದ ಹೊರಸಿನ ಮೇಲೆ ರಸ್ತೆಗೆ ಹೊತ್ತು ತಂದಿದ್ದರು. ಬಸ್ಸು ಎದುರಿಗೇ ಬಂತು. ಎಲ್ಲರೂ ಕೈ ಎತ್ತಿದರು. ಇಲ್ಲಿ ಸ್ಟಾಪ್ ಇಲ್ಲವೆಂದು ಅದು ಹಾದು ಹೋಯಿತು. ವಾಡೆಯ ಮುಂದಿನ ಸ್ಟಾಪಿಗೆ ಇವರು ಮುಟ್ಟುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ತಂಗಿ ಉಳಿದಳು, ಕೂಸು ಉಳಿಯಲಿಲ್ಲ. ಇದನ್ನು ಹೇಳುವಾಗ ಅವಳು ದನಿ ಏರಿಸಲಿಲ್ಲ. ನಾನು ಅದನ್ನು ಎಲೆನ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದೆ.

ಆಮೇಲೆ ಹುಲಗಮ್ಮ ಎಲೆನ್ ಕಡೆ ತಿರುಗಿ ಕೇಳಿದಳು: "ನಿಮ್ಮ ದೇಶದಾಗ ಬಡವರ ಮಾತು ಕೇಳ್ತಾರೇನ್ರೀ?"

ಎಲೆನ್ ನನ್ನ ಮೂಲಕ ಉತ್ತರಿಸಿದಳು. ಅಲ್ಲಿಯೂ ದುಡ್ಡಿದ್ದವರ ದನಿಯೇ ದೊಡ್ಡದು; ಆದರೆ ಬಡವರು ಕೂಡಿ ಕುಳಿತು, ಏಳದೇ ಇದ್ದಾಗ ಕೇಳಿಸಿಕೊಂಡದ್ದುಂಟು ಎಂದಳು.

"ನಾವೂ ಇವತ್ತು ಕುಂದ್ರಾಕ ಹೊಂಟೀವ್ರೀ ಅಕ್ಕಾರ," ಎಂದಳು ಹುಲಗಮ್ಮ. ಸಂಜೆ ಒಬ್ಬ ಅಭ್ಯರ್ಥಿ ಬರುವವನಿದ್ದ. ಅವನ ಜೀಪಿಗೆ ಅಡ್ಡ ಕುಳಿತು ಕೇರಿಯ ಮುಂದೆ ಬಸ್ ಸ್ಟಾಪ್ ಕೇಳಬೇಕೆಂದು ಕೇರಿಯ ಹೆಂಗಸರು ಮೊದಲೇ ಮಾತಾಡಿಕೊಂಡಿದ್ದರು.

ಸುದ್ದಿ ವಾಡೆಗೂ ಮುಟ್ಟಿತ್ತು. ಇಳಿಹೊತ್ತಿಗೆ ಗೌಡರ ಕಡೆಯವನೊಬ್ಬ ಬಂದು, ದಾರಿಯಲ್ಲಿ ಕುಳಿತವರು ನಾಳೆ ಕೊಯ್ಲಿಗೆ ಬರುವುದು ಬೇಡವೆಂದು ಹೇಳಿಹೋದ. ವರ್ಷದಲ್ಲಿ ಕೈತುಂಬ ಕೆಲಸ ಸಿಗುವ ದಿನಗಳು ಅವು. ಕೆಲವರು ಎದ್ದು ಮನೆಯೊಳಗೆ ಹೋದರು. ಹುಲಗಮ್ಮ ಯಾರನ್ನೂ ಕರೆಯಲಿಲ್ಲ. ಸೆರಗು ಸಿಕ್ಕಿಸಿ ರಸ್ತೆಯ ನಡುವೆ ಹೋಗಿ ಕುಳಿತಳು, ಪಕ್ಕದಲ್ಲಿ ಅವಳ ತಂಗಿ. ಸ್ವಲ್ಪ ಹೊತ್ತಿಗೆ ಒಳಗೆ ಹೋದವರೂ ಒಬ್ಬೊಬ್ಬರಾಗಿ ಬಂದು ಸೇರಿದರು.

ಮೈಕು ಕೂಗುತ್ತ ಬಂದ ಜೀಪು ಅವರ ಮುಂದೆ ನಿಂತಿತು. ಅಭ್ಯರ್ಥಿ ಒಳ್ಳೆಯ ಮಾತಿನವನೇ. ಇಳಿದು ಕೈಮುಗಿದು, ಸ್ಟಾಪಿನ ಬೇಡಿಕೆ ಕೇಳಿಸಿಕೊಂಡು, ಗೆದ್ದ ಮೇಲೆ ಮೊದಲ ಕೆಲಸ ಇದೇ ಎಂದ.

ಹುಲಗಮ್ಮ ಕುಳಿತಲ್ಲಿಂದಲೇ ಹೇಳಿದಳು: "ಗೆದ್ದ ಮ್ಯಾಲ ನಿಮ್ಮನ್ನ ಎಲ್ಲಿ ಹುಡುಕೂದ್ರೀ ಯಪ್ಪಾ? ಈಗ ಜೀಪಿನ್ಯಾಗ ಜಾಗ ಅದ. ಬರ್ರಿ, ಮಾನ್ವಿಗೆ ಹೋಗಿ ಬಸ್ಸಿನ ಸಾಹೇಬರ ಮುಂದ ಇದ ಮಾತು ಹೇಳೂಣು."

ಅವನು ಹಿಂದೆ ತಿರುಗಿದ. ಹಿಂದೆ ಬಂದಿದ್ದ ಇನ್ನೊಂದು ಜೀಪಿನಿಂದ ರಾಯಚೂರಿನ ಪತ್ರಿಕೆಯವನೊಬ್ಬ ಇಳಿದು ಕ್ಯಾಮೆರಾ ಎತ್ತಿದ್ದ. ಅಭ್ಯರ್ಥಿಯ ಮುಖದಲ್ಲಿ ಲೆಕ್ಕಾಚಾರ ನಡೆದದ್ದು ನನಗೆ ಚೆನ್ನಾಗಿ ಕಂಡಿತು. ಆಮೇಲೆ ನಕ್ಕು, ತಾನೇ ಕೈಮಾಡಿ ಅಕ್ಕತಂಗಿಯರನ್ನು ಜೀಪು ಹತ್ತಿಸಿಕೊಂಡ. ದಾರಿಯಲ್ಲಿ ಉಳಿದ ಹೆಂಗಸರು ಅವರು ತಿರುಗಿ ಬರುವವರೆಗೂ ಏಳಲಿಲ್ಲ. ಎಲೆನ್ ಕೂಡ ಅವರ ನಡುವೆ ಮಣ್ಣಿನಲ್ಲೇ ಕುಳಿತಿದ್ದಳು.

ಮರುದಿನ ವಾಡೆಯಿಂದ ಕೊಯ್ಲಿಗೆ ಯಾರನ್ನೂ ಕರೆಯಲಿಲ್ಲ. ಅದರ ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಎದುರಾಳಿ ಅಭ್ಯರ್ಥಿಗೆ ಸುಮ್ಮನಿರಲಾಗಲಿಲ್ಲ. ಅವನೂ ಮಾನ್ವಿಗೆ ಓಡಿ, ಸ್ಟಾಪ್ ಮಾಡಿಸುವವನು ತಾನೇ ಎಂದು ಹೇಳಿಕೊಂಡನಂತೆ. ಅತ್ತ ಗೌಡರ ಹೊಲದಲ್ಲಿ ಜೋಳ ಒಣಗಿ ಉದುರತೊಡಗಿತ್ತು. ಗೌಡರ ಕಡೆಯವನು ಮತ್ತೆ ಕೇರಿಗೆ ಬಂದು ಎಲ್ಲರನ್ನೂ ಕೆಲಸಕ್ಕೆ ಕರೆದ. ವಾರ ಕಳೆಯುವುದರೊಳಗೆ ಕೇರಿಯ ಮುಂದೆ ಬಸ್ಸು ನಿಲ್ಲತೊಡಗಿತು.

ಆ ವಾರವೆಲ್ಲ ಅಲ್ಲೇ ಉಳಿದಿದ್ದ ನಾವು ಹೊರಡುವ ಮುಂಜಾನೆ ಕೇರಿಯ ಮುಂದೆಯೇ ಬಸ್ಸಿಗೆ ಕಾದೆವು. ಇಬ್ಬರೂ ಅಭ್ಯರ್ಥಿಗಳ ಕಡೆಯವರು, ಹುಲಗಮ್ಮನ ಓಟು ನಮ್ಮದೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಎಲೆನ್‌ಗೆ ಕೇಳದೆ ಇರಲಾಗಲಿಲ್ಲ. ಯಾರಿಗೆ ಹಾಕುತ್ತೀ ಎಂದು ನನ್ನಿಂದ ಕೇಳಿಸಿದಳು.

ತಂಗಿಯ ಜೊತೆ ಕೊಯ್ಲಿಗೆ ಹೊರಟು ನಿಂತಿದ್ದ ಹುಲಗಮ್ಮ ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಅದನ್ನ ಹೇಳಂಗಿಲ್ರೀ ಅಕ್ಕಾರ. ಇಷ್ಟು ದಿನ ಗೌಡ್ರು ಹೇಳಿದ್ದಕ್ಕ ಹಾಕೀವಿ. ಈ ಸಲದ್ದು ನಂದು."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಎಲೆನ್‌ಗೆ ಅರ್ಥವಾಗಿತ್ತು. ಎರಡೂ ಕೈ ಜೋಡಿಸಿ ನಿಂತಳು. ಬಸ್ಸು ಬಂದು ನಿಂತಿತು, ನಾವು ಹತ್ತಿದೆವು. ಕಿಟಕಿಯಿಂದ ನೋಡುವಾಗ ಹುಲಗಮ್ಮ ಆಗಲೇ ಬೆನ್ನು ತಿರುಗಿಸಿ, ತಂಗಿಯ ಹೆಗಲ ಮೇಲೆ ಕೈಹಾಕಿಕೊಂಡು, ಬಿರುಸಾಗಿ ಹೊಲದ ಕಡೆ ನಡೆದಿದ್ದಳು.