ಬೇನೆ ಇಲ್ಲ, ಸಂಕಡ

ಆಸ್ಪತ್ರೆಯಲ್ಲಿ ನನ್ನನ್ನು ಹೆಚ್ಚಾಗಿ ಕರೆಯುತ್ತಿದ್ದದ್ದು ಮಾತಿಗೆ. ಇಂಜೆಕ್ಷನ್ ಕೊಡಲು ಬೇರೆ ನರ್ಸುಗಳೂ ಇದ್ದರು. ಆದರೆ ದೂರದ ರಾಜ್ಯಗಳಿಂದ ಬಂದ ಕಲಿಯುವ ಡಾಕ್ಟರುಗಳಿಗೆ ತುಳು ಬಾರದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಸ್ಸಿಳಿದು ಬರುವ ವಯಸ್ಸಾದ ಹೆಂಗಸರಿಗೆ ನೋವಿನ ಹೊತ್ತಿನಲ್ಲಿ ಕನ್ನಡ ಬಾಯಿಗೆ ಬಾರದು. ಇವರಿಬ್ಬರ ನಡುವೆ ನಿಲ್ಲುವವಳು ನಾನು. ಮಡಂತ್ಯಾರಿನಲ್ಲಿ ಹುಟ್ಟಿ, ಇದೇ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಕಲಿತವಳು. ನನಗೆ ಗೊತ್ತಿಲ್ಲದ ತುಳು ಉಂಟೇ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು. ಈಗ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹೊರದೇಶದ ಪಾದ್ರಿಗಳು ಹೆಂಚಿನ ಮಾಡಿನ ಎರಡು ಕೋಣೆಗಳಲ್ಲಿ ಶುರು ಮಾಡಿದ ಆಸ್ಪತ್ರೆ ಅದು. ಈಗ ಮೆಡಿಕಲ್ ಕಾಲೇಜು ಆಗಿ ಮಹಡಿಯ ಮೇಲೆ ಮಹಡಿ ಎದ್ದಿದೆ. ಊರವರ ಬಾಯಲ್ಲಿ ಮಾತ್ರ ಇನ್ನೂ ಮಿಷನ್ ಆಸ್ಪತ್ರೆಯೇ. ಬೆಳಿಗ್ಗೆ ಮೈಕಿನಲ್ಲಿ ಪ್ರಾರ್ಥನೆ ಕೇಳಿದರೆ ಯಾವ ಜಾತಿಯವರಾದರೂ ಹಾಸಿಗೆಯಲ್ಲಿ ಎದ್ದು ಕೂರುತ್ತಾರೆ. ಅದು ಮುಗಿದ ಕೂಡಲೇ ರೌಂಡ್ಸು. ಪ್ರೊಫೆಸರರ ಹಿಂದೆ ಬಿಳಿ ಕೋಟುಗಳ ಸಾಲು. ಒಂದು ಹೊಟ್ಟೆಯನ್ನು ಏಳು ಮಂದಿ ಒತ್ತಿ ನೋಡುತ್ತಾರೆ. ಹೆಂಗಸರು ಹಲ್ಲು ಕಚ್ಚಿ ಮಲಗಿ, "ಮಕ್ಕಳು ಕಲಿಯಲಿ" ಎನ್ನುತ್ತಾರೆ. ಅವರ ಈ ತಾಳ್ಮೆ ಕಂಡು ನನಗೆ ಎಷ್ಟೋ ಸಲ ಸಿಟ್ಟು ಬಂದದ್ದುಂಟು.

ಆ ವರ್ಷ ಏಪ್ರಿಲಿನಲ್ಲಿ ನಾರಾವಿ ಕಡೆಯಿಂದ ಒಬ್ಬ ಅಮ್ಮ ನಮ್ಮ ಹೆಂಗಸರ ವಾರ್ಡಿಗೆ ದಾಖಲಾದರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಒಣಗದ ಹುಣ್ಣು. ಜೊತೆಗೆ ಮಗಳು. ಅಪ್ಪ ತೀರಿಕೊಂಡಿದ್ದಾರೆ, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಒಂದು ವಾರವಾಯಿತು ಅಷ್ಟೇ, ಅಮ್ಮ ಸರಿಯಾಗಿ ಉಣ್ಣುತ್ತಿಲ್ಲ ಎಂದು ಮಗಳು ನನ್ನಲ್ಲಿ ಹೇಳಿದ್ದಳು. ಪಾಪ ಅನಿಸಿತ್ತು. ಆ ಪಾಪ ಅನಿಸಿದ್ದೇ ಮುಂದೆ ಮುಳುವಾಯಿತು.

ಮೂರನೆಯ ದಿನ ರೌಂಡ್ಸು ಮುಗಿದಿತ್ತು. ಮಗಳು ಗಂಜಿ ತರಲು ಕೆಳಗೆ ಕ್ಯಾಂಟೀನಿಗೆ ಹೋಗಿದ್ದಳು. ಉತ್ತರದ ಕಡೆಯ ಒಬ್ಬ ಕಲಿಯುವ ಡಾಕ್ಟರು ಆ ಅಮ್ಮನ ಹಾಸಿಗೆಯ ಹತ್ತಿರ ನಿಂತು, ತಮಗೆ ಬರುವ ನಾಲ್ಕು ಕನ್ನಡ ಮಾತಿನಲ್ಲಿ ಒಂದನ್ನು ಕೇಳಿದರು.

"ಅಮ್ಮಾ, ನೋವು ಎಲ್ಲಿ?"

"ಬೇನೆ ಇಜ್ಜಿ," ಎಂದರು ಅಮ್ಮ. ನೋವು ಇಲ್ಲ. ಆಮೇಲೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, "ಸಂಕಡ ಆಪುಂಡು," ಎಂದರು. ಸಂಕಡ ಆಗುತ್ತದೆ.

ಡಾಕ್ಟರು ನನ್ನ ಮುಖ ನೋಡಿದರು.

ಸಂಕಡಕ್ಕೆ ನಮ್ಮಲ್ಲಿ ಎರಡು ಅರ್ಥ. ಮನೆಯಲ್ಲಿ ಸಾವಾದರೆ ಆಗುವುದೂ ಸಂಕಡ. ಎದೆಯೊಳಗೆ ಹಿಂಡಿದ ಹಾಗೆ ಆಗಿ ಉಸಿರಿಗೆ ಜಾಗ ಸಾಲದಿದ್ದರೆ ಅದೂ ಸಂಕಡ. ನನಗೆ ಗೊತ್ತಿರಲಿಲ್ಲ ಎಂದು ನುಣುಚಿಕೊಳ್ಳುವ ಹಾಗಿಲ್ಲ, ನನ್ನ ಅಜ್ಜಿ ಊಟ ಜಾಸ್ತಿಯಾದರೂ ಇದನ್ನೇ ಹೇಳುತ್ತಿದ್ದರು. ಆ ಅಮ್ಮನ ಹಣೆಯಲ್ಲಿ ಬೆವರೂ ಇತ್ತು. ಏಪ್ರಿಲ್ ತಿಂಗಳಲ್ಲವೇ, ನನ್ನ ಹಣೆಯಲ್ಲೂ ಇತ್ತು.

"ದುಃಖ ಡಾಕ್ಟ್ರೇ," ಎಂದೆ. "ಗಂಡ ಹೋದ ದುಃಖ."

ಅವರು ಒಳ್ಳೆಯ ಮನುಷ್ಯ. ಸ್ಟೂಲು ಎಳೆದು ಕೂತು ಸ್ವಲ್ಪ ಹೊತ್ತು ಅಮ್ಮನ ಕೈ ಹಿಡಿದುಕೊಂಡರು. ನೋವಿಲ್ಲ, ಗಂಡ ಹೋದ ದುಃಖ, ಮಧ್ಯಾಹ್ನ ಸಮಾಧಾನ ಹೇಳುವವರನ್ನು ಕಳಿಸುವುದು ಎಂದು ರೋಗಿಯ ಕಾಗದದಲ್ಲಿ ಬರೆದು ಹೋದರು. ಇಸಿಜಿ ಯಂತ್ರ ಅಲ್ಲೇ ಬಾಗಿಲ ಬಳಿ ಗಾಡಿಯ ಮೇಲೆ ಇತ್ತು. ಅಮ್ಮ ನನ್ನನ್ನು ನೋಡಿ ಇನ್ನೊಮ್ಮೆ ಅದೇ ಮಾತು ಹೇಳಿದರು.

"ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಮ್ಮ. ದೇವರಿದ್ದಾರೆ, ಸ್ವಲ್ಪ ಮಲಗಿ," ಎಂದು ತುಳುವಿನಲ್ಲಿ ಹೇಳಿ ಹೊದಿಕೆ ಸರಿಪಡಿಸಿದೆ.

ಹೇಳಿದ ಹಾಗೆ ಮಲಗಿದರು. ಮಗಳು ಗಂಜಿಯ ಪಾತ್ರೆ ಹಿಡಿದು ಬರುವಾಗ ಹಾಸಿಗೆಯ ಸುತ್ತ ಪರದೆ ಎಳೆದಾಗಿತ್ತು, ಒಳಗೆ ಡಾಕ್ಟರುಗಳು ಅಮ್ಮನ ಎದೆ ಒತ್ತುತ್ತಿದ್ದರು. ಹೃದಯಾಘಾತ, ಉಳಿಯಲಿಲ್ಲ. ಸಕ್ಕರೆ ಇರುವವರಿಗೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ ಎಂದು ನಾನೇ ಹೊಸ ನರ್ಸುಗಳಿಗೆ ಪಾಠ ಮಾಡಿದ್ದೆ.

ನಮ್ಮ ಕಾಲೇಜಿನಲ್ಲಿ ವಾರ್ಡಿನ ಪ್ರತಿ ಸಾವಿನ ಬಗ್ಗೆ ಮೀಟಿಂಗ್ ಮಾಡುವ ಕ್ರಮ ಉಂಟು. ಮೊದಲು ಪ್ರಾರ್ಥನೆ, ಆಮೇಲೆ ವಿಚಾರಣೆ. ಪ್ರೊಫೆಸರರು ಆ ಡಾಕ್ಟರು ಬರೆದ ಕಾಗದವನ್ನು ಎಲ್ಲರಿಗೂ ಓದಿ ಹೇಳಿ, ಬೆವರುತ್ತಿದ್ದ ರೋಗಿಯಲ್ಲಿ ನಿನಗೆ ಕಂಡದ್ದು ದುಃಖ ಮಾತ್ರವೇ ಎಂದು ಅವರನ್ನು ಕೇಳಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಸಿಸ್ಟರ್ ಹಾಗೆ ಹೇಳಿದರು ಎಂಬ ಒಂದು ಮಾತು ಸಾಕಿತ್ತು. ಆ ಡಾಕ್ಟರು ಅದನ್ನು ಹೇಳಲಿಲ್ಲ. "ನಾನು ವಿಚಾರಿಸಿದ್ದು ಸಾಲದು, ಸರ್," ಎಂದು ತಲೆ ತಗ್ಗಿಸಿ ನಿಂತರು. ನಾನೂ ಎದ್ದು ನಿಲ್ಲಲಿಲ್ಲ.

ಹೊರಗೆ ಬಂದ ಮೇಲೆ ಅವರು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು. ಸಿಟ್ಟಿನಿಂದಲ್ಲ. ತಿಳಿದುಕೊಳ್ಳಬೇಕು ಎಂಬ ಮುಖ.

"ಸಿಸ್ಟರ್, ಆ ಮಾತಿಗೆ ಬೇರೆ ಅರ್ಥ ಇದೆಯಾ?"

"ಇಲ್ಲ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಹೆದರಿದ್ದೆ, ನಿಜ. ಕೆಲಸ ಹೋದೀತು ಎಂದಲ್ಲ. ವಾರ್ಡಿನಲ್ಲಿ ಇನ್ನು ಯಾರೂ ನನ್ನನ್ನು ಮಾತಿಗೆ ಕರೆಯಲಿಕ್ಕಿಲ್ಲ ಎಂದು ಹೆದರಿದ್ದೆ. ಅವರು ಓದು ಮುಗಿಸಿ ತಮ್ಮ ಊರಿಗೆ ಹೋದರು. ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಆ ಸಾವನ್ನು ತನ್ನದೇ ತಪ್ಪು ಎಂದು ಹೊತ್ತುಕೊಂಡು ಹೋದರು ಎಂಬುದು ಮಾತ್ರ ಗೊತ್ತು.

ಆಮೇಲೆ ಯಾವ ಹೆಂಗಸು ಸಂಕಡ ಎಂದರೂ ನಾನು "ಓಲು?" ಎಂದು ಕೇಳತೊಡಗಿದೆ. ಎಲ್ಲಿ ಎಂದು. ಎರಡೇ ಅಕ್ಷರ. ಮನಸ್ಸಿನದಾದರೆ ಅವರು ಸುಮ್ಮನಾಗುತ್ತಾರೆ, ಮೈಯದಾದರೆ ಕೈ ತಾನಾಗಿಯೇ ಎದೆಗೆ ಹೋಗುತ್ತದೆ.

ಕಳೆದ ವರ್ಷ, ನಿವೃತ್ತಿಯಾದ ಮೇಲೆ, ಮಡಂತ್ಯಾರು ಪೇಟೆಯಲ್ಲಿ ಮೀನು ಕೊಂಡು ಬರುವಾಗ ಯಾರೋ ಹಿಂದಿನಿಂದ ಸಿಸ್ಟರ್ ಎಂದು ಕರೆದರು. ಆ ಮಗಳು. ತಲೆ ಅರ್ಧ ನರೆತಿತ್ತು.

"ಗುರ್ತ ಸಿಕ್ಕಿತಾ? ಆವತ್ತು ನೀವು ಇದ್ದದ್ದು ದೊಡ್ಡ ಪುಣ್ಯ," ಎಂದಳು. "ಅಷ್ಟು ಡಾಕ್ಟ್ರುಗಳ ನಡುವೆ ಅಮ್ಮನ ಭಾಷೆ ಗೊತ್ತಿದ್ದದ್ದು ನಿಮಗೆ ಒಬ್ಬರಿಗೆ." ಆಮೇಲೆ ಕೇಳಿದಳು, "ನಾನು ಗಂಜಿ ತರ್ಲಿಕ್ಕೆ ಹೋಗಿದ್ದೆ ಅಲ್ವಾ. ಕೊನೆಗೆ ಅಮ್ಮ ಏನಾದರೂ ಹೇಳಿದ್ರಾ ಸಿಸ್ಟರ್?"

ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು. ಇಷ್ಟು ವರ್ಷ ಅದನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದೆನೋ ಏನೋ. ಅವಳ ಮುಖ ನೋಡಿದೆ.

"ನಿಮ್ಮ ಅಪ್ಪನನ್ನು ನೆನೆಸಿಕೊಂಡ್ರು," ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೀನಿನ ಚೀಲ ಹಿಡಿದ ನನ್ನ ಕೈಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. ಬೆಳ್ತಂಗಡಿಯ ಬಸ್ಸು ಬರುವವರೆಗೂ ಬಿಡಲಿಲ್ಲ.